ರಾಜ್‌ಕುಮಾರ್ ಹಾಡಲು ಶುರು ಮಾಡಿದ್ದು 1974ರಲ್ಲಿ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ರಾಜ್‌ಕುಮಾರ್ ಅವರ ಹಾಡುಗಾರಿಕೆ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಓದಿದೆ. ಚೆನ್ನಾಗಿಯೇ ಇತ್ತು. ಆದರೆ ಮೊದಲ ಪ್ಯಾರಾದಲ್ಲೇ ಒಂದು ಮಾತು ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿತು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ಹಾಡಿದ ದಿನದಿಂದ ನಟ ರಾಜ್ ಗಾಯಕರೂ ಆದರು, ಅದಕ್ಕೆ ಮುಂಚೆ ಅವರಿಗೆ ಹಾಡೋಕೆ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದೀರಿ. ಈ ಕಾಗದ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಸ್ವಲ್ಪ ಉದ್ದವಾಗುತ್ತದೆ. ನಾನು ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಬೇರೆಯವರ ಕಾಗದಗಳಿಗೆ ಮುದ್ರೆ ಒತ್ತಿದವನು. ನನ್ನದೂ ಒಂದು ಉದ್ದದ ಕಾಗದ ಹೋಗಲಿ ಬಿಡಿ.

ನಾನು ವಿದ್ವಾಂಸನಲ್ಲ. ಸಿನಿಮಾ ಪತ್ರಕರ್ತನೂ ಅಲ್ಲ. ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು. ಇದನ್ನು ಬರೆಯೋಕೆ ನನಗಿರುವ ಅರ್ಹತೆ ಅಂದರೆ ಅಷ್ಟೇ.

ಅಪ್ಪ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಒಂದು ಸಣ್ಣ ನಾಟಕ ಕಂಪನಿ ಸೇರಿದ್ದರು. ಆ ಕಂಪನಿ ಊರೂರು ಸುತ್ತಿ, ಸಾಲ ಹೊತ್ತು, ಒಂದು ಮಳೆಗಾಲದಲ್ಲಿ ಮುಚ್ಚಿಹೋಯಿತು. ಬಾಕಿ ಸಂಬಳದ ಬದಲಿಗೆ ಅಪ್ಪನಿಗೆ ಸಿಕ್ಕಿದ್ದು ಒಂದು ಕಾಲುಪೆಟ್ಟಿಗೆ. ಲೆಗ್ ಹಾರ್ಮೋನಿಯಂ ಅಂತಾರಲ್ಲ, ಕಾಲಲ್ಲಿ ತುಳಿದು ಎರಡು ಕೈಯಲ್ಲೂ ನುಡಿಸುವುದು, ಅದು. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಊರಿಗೆ ಬಂದರು. ಆಮೇಲೆ ಸಾಯುವವರೆಗೂ ಮದ್ದೂರು, ಮಳವಳ್ಳಿ, ನಾಗಮಂಗಲ ಸೀಮೆಯ ಹಳ್ಳಿಗಳಲ್ಲಿ ನಾಟಕ ಕಲಿಸಿದರು. 'ಕುರುಕ್ಷೇತ್ರ'ವೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಮಾರಿಗುಡಿ ಮುಂದೆ ಎರಡು ಮೂರು ತಿಂಗಳು ರಾತ್ರಿ ಹೊತ್ತು ತಾಲೀಮು. ಹಗಲೆಲ್ಲ ಗದ್ದೆಯಲ್ಲಿ ದುಡಿದ ಗಂಡಸರು ರಾತ್ರಿ ಬಂದು ಶ್ರುತಿ ಹಿಡಿಯಬೇಕು. ಯಾರು ಜಾಸ್ತಿ ದುಡ್ಡು ಹಾಕುತ್ತಾರೋ ಅವರಿಗೆ ದೊಡ್ಡ ಪಾರ್ಟು. ದುರ್ಯೋಧನನ ಪಾರ್ಟು ಹಿಡಿದವನಿಗೆ ದುಡ್ಡು ಇರುತ್ತಿತ್ತು, ಗಂಟಲು ಇರುತ್ತಿರಲಿಲ್ಲ. ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು. 'ಪದ್ಯ ಹೇಳೋಕೆ ಬರದೇ ಇದ್ರೆ ಕಿರೀಟ ಯಾಕಪ್ಪ ತಲೆ ಮೇಲೆ?' ಅಂತ ಗೊಣಗುತ್ತಿದ್ದರು.

ಆ ಗೊಣಗಾಟದಲ್ಲೇ ನಾನು ಹೇಳಬೇಕಾದ ವಿಷಯ ಇದೆ. ಕಂಪನಿ ನಾಟಕದಲ್ಲಿ ಹಾಡು ಅನ್ನುವುದು ನಟನೆಗೆ ಮೇಲೆ ಹಚ್ಚುವ ಬಣ್ಣ ಅಲ್ಲ. ಪಾತ್ರ ರಂಗಕ್ಕೆ ಬರುವುದೇ ಹಾಡುತ್ತಾ. ಸಿಟ್ಟು ಬಂದರೆ ಕಂದ ಪದ್ಯ, ಅಳು ಬಂದರೆ ಇನ್ನೊಂದು. ಹಾಡೋಕೆ ಬರದವನಿಗೆ ದೂತನ ಪಾರ್ಟು, ಇಲ್ಲವೇ ಪರದೆ ಎಳೆಯುವ ಕೆಲಸ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕಿತ್ತು. ಅವನೂ ದುಡ್ಡು ಕೊಟ್ಟೇ ಬಂದಿರುತ್ತಿದ್ದ. 'ಒನ್ಸ್ ಮೋರ್' ಅಂತ ಕೂಗುವವನೂ ಅವನೇ, ಸೀಟಿ ಹೊಡೆದು ಇಳಿಸುವವನೂ ಅವನೇ.

ಇಂಥ ಜಾಗದಲ್ಲಿ ಬೆಳೆದ ಹುಡುಗ ಗಾಜನೂರಿನ ಮುತ್ತುರಾಜ, ಅಂದರೆ ಮುಂದಿನ ರಾಜ್‌ಕುಮಾರ್. ಹುಟ್ಟಿದ್ದು 24 ಏಪ್ರಿಲ್ 1929. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಹಿರಣ್ಯಕಶಿಪು, ರಾವಣ, ಕಂಸ, ಇಂಥ ಗಡಸು ಪಾತ್ರಗಳಿಗೆ ಹೆಸರಾದವರು. ಮಗನ ಶಾಲೆ ಬೇಗ ಮುಗಿಯಿತು, ಕಂಪನಿ ಬೇಗ ಶುರುವಾಯಿತು. ಹಾಗಾದರೆ ಮುತ್ತುರಾಜ ಹಾಡು ಕಲಿತದ್ದು ಯಾವಾಗ? ನೀವೇ ಹೇಳಿ. ಕಂಪನಿಯ ಹುಡುಗನಿಗೆ ಅ ಆ ಇ ಈ ಆದಮೇಲೆ ಸರಿಗಮ ಅಲ್ಲ, ಎರಡೂ ಒಟ್ಟಿಗೇ. ಎಷ್ಟೋ ಕಡೆ ಸರಿಗಮವೇ ಮೊದಲು.

ಗುಬ್ಬಿ ಕಂಪನಿ ಆದಮೇಲೆ ಅವರು ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಇದ್ದರು. ನಾಯ್ಡು ಅವರು ಅಂದರೆ 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದ ನಾಯಕ. ಅವರೂ ಸ್ಟೇಜಿನಿಂದ ತೆರೆಗೆ ಹೋದವರೇ. ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ' ಸಿನಿಮಾ ಮಾಡಲು ಹೊರಟಾಗ ಆರಿಸಿಕೊಂಡದ್ದು ಈ ಕಂಪನಿ ಹುಡುಗನನ್ನು. ಮುತ್ತುರಾಜ ಹೋಗಿ ರಾಜ್‌ಕುಮಾರ್ ಆದ. ಅದು 1954.

ಇಲ್ಲಿ ಒಂದು ತಮಾಷೆ ನಡೆಯಿತು. ಸ್ಟೇಜಿನಲ್ಲಿ ಹಾಡಿಕೊಂಡೇ ಬೆಳೆದವನು ತೆರೆಯ ಮೇಲೆ ಬಾಯಿ ಆಡಿಸತೊಡಗಿದ. ಹಾಡು ಬೇರೆಯವರದು. ನಮ್ಮಪ್ಪ 'ಬೇಡರ ಕಣ್ಣಪ್ಪ'ವನ್ನು ಟೆಂಟಿನಲ್ಲಿ ನೋಡಿ ಬಂದು ಇದನ್ನೇ ಹೇಳಿದ್ದರಂತೆ. ಅಮ್ಮ ಎಷ್ಟೋ ವರ್ಷ ಆಡಿಕೊಂಡು ನಗುತ್ತಿದ್ದರು. 'ಎಲ್ರೂ ಕಣ್ಣಪ್ಪ ಕಣ್ಣು ಕೊಟ್ಟ ಅಂತ ಅಳ್ತಾ ಬಂದ್ರೆ, ನಿಮ್ಮಪ್ಪ ಒಬ್ರು, ಅವನು ದನಿ ಕೊಡ್ಲಿಲ್ಲವಲ್ಲ ಅಂತ ಮುಖ ಊದಿಸ್ಕೊಂಡು ಬಂದ್ರು.'

ಅಪ್ಪನ ಸಿಟ್ಟು ಪೂರ್ತಿ ನ್ಯಾಯ ಅಲ್ಲ ಅಂತ ಈಗ ಅನಿಸುತ್ತದೆ. ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನಲ್ಲಿ. ಅಲ್ಲಿ ಹಿನ್ನೆಲೆ ಗಾಯನದ ಪದ್ಧತಿ ಬಂದುಬಿಟ್ಟಿತ್ತು. ಹಾಡು ಮೊದಲೇ ಧ್ವನಿಮುದ್ರಣ ಆಗಬೇಕು, ನಟ ಆಮೇಲೆ ಅದಕ್ಕೆ ತುಟಿ ಆಡಿಸಬೇಕು. ಮೈಕಿನ ಮುಂದೆ ಹಾಡುವುದೂ ಬೇರೆಯೇ ವಿದ್ಯೆ. ಹಿಂದಿನ ಸಾಲಿಗೆ ಎಸೆದು ಅಭ್ಯಾಸವಾದ ಗಂಟಲನ್ನು ಮೈಕಿಗೆ ಅರ್ಧ ಅಡಿ ದೂರದಲ್ಲಿ ಬಿಟ್ಟರೆ ಕಿವಿ ಹರಿದುಹೋಗುತ್ತದೆ. ಹೊಸ ನಾಯಕನ ದನಿ ನಂಬಿ ಯಾರು ದುಡ್ಡು ಹಾಕುತ್ತಾರೆ?

ಆದರೂ ಒಬ್ಬರು ನಂಬಿದರು. ಸಂಪಾದಕರೇ, ನಿಮ್ಮ ಲೇಖನ ಬಿಟ್ಟುಬಿಟ್ಟ ವಿಷಯ ಇದೇ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ 1956ರಲ್ಲೇ 'ಓಹಿಲೇಶ್ವರ' ಚಿತ್ರಕ್ಕೆ ರಾಜ್ ಅವರಿಂದಲೇ ಹಾಡಿಸಿದರು. 'ಶರಣು ಶಂಭೋ' ಅನ್ನುವ ಹಾಡು. ಮತ್ತೆ 1959ರಲ್ಲಿ 'ಮಹಿಷಾಸುರ ಮರ್ದಿನಿ'ಗೆ ಎಸ್. ಜಾನಕಿ ಜೊತೆ 'ತುಂಬಿತು ಮನವ'. ಅದರ ಸಂಗೀತವೂ ವೆಂಕಟೇಶ್ ಅವರದೇ. ಈಗ 1974ಕ್ಕೆ ಬನ್ನಿ. 'ಸಂಪತ್ತಿಗೆ ಸವಾಲ್' ಸಂಗೀತ ಯಾರದು? ಅದೇ ವೆಂಕಟೇಶ್! ತೆರೆಯ ಮೇಲಿನ ರಾಜ್‌ಗೆ ದನಿ ಕೊಡುತ್ತಿದ್ದ ಗಾಯಕ ಪಿ.ಬಿ. ಶ್ರೀನಿವಾಸ್ ಅವರಿಗೆ ಹುಷಾರಿಲ್ಲದೆ ಬರಲಾಗದಾಗ ರಾಜ್ ಅವರನ್ನೇ ಹಾಡೋಕೆ ನಿಲ್ಲಿಸಿದ್ದು ಕುರುಡು ಧೈರ್ಯ ಅಂತ ನಿಮ್ಮ ಲೇಖನ ಓದಿದರೆ ಅನಿಸುತ್ತದೆ. ಹದಿನೆಂಟು ವರ್ಷದ ಹಿಂದೆಯೇ ಆ ದನಿಯನ್ನು ಮೈಕಿನಲ್ಲಿ ಕೇಳಿದ್ದ ಮನುಷ್ಯನಿಗೆ ಅದು ಕುರುಡು ಧೈರ್ಯ ಹೇಗಾಗುತ್ತದೆ? ಪೆಟ್ಟಿಗೆಯಲ್ಲಿ ಇಟ್ಟಿದ್ದ ರೇಷ್ಮೆ ಪಂಚೆ ಹಬ್ಬದ ದಿನ ತೆಗೆದ ಹಾಗೆ ಅಷ್ಟೇ.

ಇನ್ನೊಂದು. 1950ರ ದಶಕದ ಕೊನೆಯಲ್ಲಿ ಕನ್ನಡ ಸಿನಿಮಾ ಕೆಲಸ ಕಮ್ಮಿಯಾಗಿ ಕಲಾವಿದರಿಗೆ ಹೊಟ್ಟೆಪಾಡೇ ಕಷ್ಟವಾಯಿತು. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಲ್ಲಿ ನಾಟಕ ಆಡಿದರು. 1960ರಲ್ಲಿ ಅದೇ ಸಂಘದಿಂದ 'ರಣಧೀರ ಕಂಠೀರವ' ತೆಗೆದರು. ಸಿನಿಮಾ ಹೀರೋ ಆದ ಮೇಲೂ ಮತ್ತೆ ಮುಖಕ್ಕೆ ಬಣ್ಣ ಬಳಿದು ಸ್ಟೇಜಿಗೆ ಹತ್ತಿದವರು ಇವರು. ಅಲ್ಲಿ ಹಿನ್ನೆಲೆಗೆ ಬೇರೆ ಗಾಯಕ ಇರುತ್ತಾನಾ? ಸೈಡ್ ವಿಂಗಿನಲ್ಲಿ ಇರುವವನು ಹಾರ್ಮೋನಿಯಂ ಮೇಷ್ಟ್ರು ಮಾತ್ರ. ಅವನು ಶ್ರುತಿ ಕೊಡುತ್ತಾನೆ, ಗಂಟಲು ಕೊಡುವುದಿಲ್ಲ.

ಪಿ.ಬಿ. ಶ್ರೀನಿವಾಸ್ ಅವರನ್ನು ಕಡಿಮೆ ಮಾಡಿ ಹೇಳುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು. ನಮ್ಮ ಮನೆಯಲ್ಲಿ ಆ ಜಗಳ ಬೇರೆಯೇ ಇತ್ತು. ನನ್ನ ಹೆಂಡತಿ ಪಿ.ಬಿ.ಎಸ್. ಪಕ್ಷ. 1960ರ 'ಭಕ್ತ ಕನಕದಾಸ'ದ 'ಬಾಗಿಲನು ತೆರೆದು' ಕೇಳಿದರೆ ಈಗಲೂ ಒಲೆ ಮೇಲಿನ ಹಾಲು ಮರೆಯುತ್ತಾಳೆ. ರಾಜ್ ಶರೀರ, ಪಿ.ಬಿ.ಎಸ್. ಶಾರೀರ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಎಷ್ಟೋ ಜನ ಅದು ರಾಜ್ ಅವರದೇ ದನಿ ಅಂದುಕೊಂಡಿದ್ದರು. ನಾನೂ ಹುಡುಗನಾಗಿದ್ದಾಗ ಹಾಗೇ ಅಂದುಕೊಂಡಿದ್ದೆ. 1974ರಲ್ಲೇ ಬಂದ 'ಎರಡು ಕನಸು' ನೋಡಿ, ವಾಣಿ ಜಯರಾಂ ಜೊತೆ 'ಎಂದೆಂದೂ ನಿನ್ನನು ಮರೆತು' ಹಾಡಿದ್ದು ಪಿ.ಬಿ.ಎಸ್. ಅಂದರೆ ಒಂದೇ ವರ್ಷದಲ್ಲಿ ಒಂದೇ ಮುಖಕ್ಕೆ ಎರಡು ದನಿ. 1977ರ 'ಬಭ್ರುವಾಹನ'ದಲ್ಲಂತೂ ಅರ್ಜುನನೂ ರಾಜ್, ಮಗ ಬಭ್ರುವಾಹನನೂ ರಾಜ್. ಅಪ್ಪ ಮಗ ಎದುರಾಬದುರಾ ನಿಂತು ಕೆಣಕಾಡುವ 'ಯಾರು ತಿಳಿಯರು' ಹಾಡಿಗೆ ಒಂದು ದನಿ ರಾಜ್ ಅವರದು, ಇನ್ನೊಂದು ಪಿ.ಬಿ.ಎಸ್. ಅವರದು. ಅದನ್ನು ಕೇಳಿದಾಗೆಲ್ಲ ನನಗೆ ಹಳ್ಳಿ ನಾಟಕದ ಸವಾಲು ಜವಾಬು ನೆನಪಾಗುತ್ತದೆ. ಒಬ್ಬ ಮೀಸೆ ತಿರುವಿ ಒಂದು ಸಾಲು ಎಸೆಯುತ್ತಾನೆ, ಇನ್ನೊಬ್ಬ ತೊಡೆ ತಟ್ಟಿ ತಿರುಗಿ ಎಸೆಯುತ್ತಾನೆ. ಅಪ್ಪಟ ಕಂಪನಿ ಸೀನು ಅದು.

'ಸಂಪತ್ತಿಗೆ ಸವಾಲ್' ನಾನು ಅಪ್ಪನ ಜೊತೆಯೇ ನೋಡಿದ್ದು. ನನಗೆ ಇಪ್ಪತ್ತೊಂದು ವರ್ಷ, ಕೆಲಸ ಸಿಕ್ಕಿರಲಿಲ್ಲ. ಟೆಂಟಿನಲ್ಲಿ ನೆಲದ ಟಿಕೆಟ್ಟು. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು. ಎಮ್ಮೆ ಬಂತು, ಹಾಡು ಬಂತು. 'ಯಾರೇ ಕೂಗಾಡಲಿ'. ಜನ ಎದ್ದು ನಿಂತು ಕುಣಿದರು. ಅಪ್ಪ ಮಾತ್ರ ಕೂತಲ್ಲೇ ಕೂತಿದ್ದರು. ನೋಡಿದರೆ ಬಲಗೈ ಬೆರಳು ತೊಡೆ ಮೇಲೆ ಓಡಾಡುತ್ತಿದೆ. ಮನೆ ಹುಡುಕುತ್ತಿದ್ದರು. ಶ್ರುತಿಯ ಮನೆ, ಅಂದರೆ ಹಾರ್ಮೋನಿಯಂನಲ್ಲಿ ಆ ಶ್ರುತಿ ಕೊಡುವ ಕೀ. ದಾರಿಯಲ್ಲಿ ನಡೆದುಕೊಂಡು ಬರುವಾಗ ಅವರು ಹೇಳಿದ್ದು ಎರಡೇ ಮಾತು. 'ಇವನು ಕಂಪನಿ ಹುಡುಗ ಕಣೋ. ಸಾಹಿತ್ಯ ನುಂಗಲ್ಲ.'

ಸಾಹಿತ್ಯ ನುಂಗಲ್ಲ ಅನ್ನುವುದು ನಮ್ಮಪ್ಪನ ಬಾಯಲ್ಲಿ ಬರುವ ಅತಿ ದೊಡ್ಡ ಹೊಗಳಿಕೆ. ತಾಲೀಮಿನಲ್ಲಿ ಅವರು ಬೈಯುತ್ತಿದ್ದುದು ರಾಗ ತಪ್ಪಿದ್ದಕ್ಕಿಂತ ಮಾತು ನುಂಗಿದ್ದಕ್ಕೆ ಜಾಸ್ತಿ. 'ಧರ್ಮ' ಅನ್ನುವ ಕಡೆ 'ದರ್ಮ' ಅಂದರೆ ಪೆಡಲ್ ನಿಲ್ಲಿಸಿಬಿಡುತ್ತಿದ್ದರು. ರಾಜ್ ಹಾಡುಗಳನ್ನು ಒಮ್ಮೆ ಈ ಕಿವಿಯಿಂದ ಕೇಳಿ ನೋಡಿ. ರಾಗ ಎಷ್ಟೇ ಮೇಲೆ ಹೋಗಲಿ, ಮಹಾಪ್ರಾಣ ಮಹಾಪ್ರಾಣವಾಗಿಯೇ ಇರುತ್ತದೆ, ಒತ್ತಕ್ಷರ ಒತ್ತಾಗಿಯೇ ಕೇಳುತ್ತದೆ. ಉಸಿರು ತೆಗೆದುಕೊಳ್ಳುವುದು ಮಾತಿನ ಅರ್ಥ ಮುಗಿದ ಮೇಲೆ. ಅರ್ಥದ ಮಧ್ಯೆ ಕತ್ತರಿಸಿ ಉಸಿರು ಎಳೆಯುವುದಿಲ್ಲ. ಇದು ಧ್ವನಿಮುದ್ರಣದ ಕೋಣೆಯಲ್ಲಿ ಕಲಿತ ಬುದ್ಧಿ ಅಲ್ಲ. ಕೊನೆಯ ಸಾಲಿನವನಿಗೆ ಕತೆ ಗೊತ್ತಾಗಬೇಕು ಅಂತ ಕಲಿಸಿದ ಬುದ್ಧಿ. 'ಯಾರೇ ಕೂಗಾಡಲಿ' ಹಾಡಿದ್ದ ಚಿತ್ರದ ಕತೆಯೂ ಸ್ಟೇಜಿನದೇ. ಸೂಳೇಬಾವಿಯ ಪಿ.ಬಿ. ಧುತ್ತರಗಿ ಅವರ ನಾಟಕ ಅದು. ಉತ್ತರ ಕರ್ನಾಟಕದ ಕಂಪನಿಗಳು ಆಡಿಕೊಂಡು ಬಂದದ್ದು. ಹಾಗೆ ನೋಡಿದರೆ ರಾಜ್ ಹಾಡುಗಾರರಾಗಿ ಎರಡನೇ ಸಲ ಹುಟ್ಟಿದ್ದೂ ಒಂದು ಕಂಪನಿ ನಾಟಕದ ಹೊಟ್ಟೆಯಲ್ಲೇ.

ಎಲ್ಲ ಹಾಡೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಅಭಿಮಾನಿಗಳು ಬೈದರೂ ಪರವಾಗಿಲ್ಲ. ಎಂಬತ್ತರ ದಶಕದ ಕೆಲವು ಓಡುವ ಪ್ರೇಮಗೀತೆಗಳಲ್ಲಿ ಆ ದನಿ ಸ್ವಲ್ಪ ಮೂಗಿಗೆ ಹತ್ತುತ್ತದೆ. ಹಗುರಾಗಿ ಹಾರಬೇಕಾದ ಕಡೆ ನಿಂತು ಮಾತಾಡಿದ ಹಾಗಿರುತ್ತದೆ. ಅಲ್ಲಿ ಎಸ್.ಪಿ.ಬಿ. ಇದ್ದಿದ್ದರೆ ಅಂತ ನನಗೂ ಅನಿಸಿದೆ. ಆದರೆ ಪೌರಾಣಿಕ ಪಾತ್ರ ಕೊಡಿ, ಭಕ್ತಿ ಕೊಡಿ, ರಾಯರ ಹಾಡು ಕೊಡಿ, ಆಗ ನೋಡಬೇಕು. 'ಬಭ್ರುವಾಹನ'ದಲ್ಲಿ 'ಆರಾಧಿಸುವೆ ಮದನಾರಿ' ಹಾಡುವಾಗ ದನಿಯಲ್ಲೇ ಕಳ್ಳ ಸನ್ಯಾಸಿಯ ತುಂಟತನ ಇದೆ. ನಟ ಅಲ್ಲದವನಿಗೆ ಹಾಗೆ ಹಾಡೋಕೆ ಬರಲ್ಲ.

'ಜೀವನ ಚೈತ್ರ'ದ 'ನಾದಮಯ'ದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲು ಇದೆ, ರಾಷ್ಟ್ರಪ್ರಶಸ್ತಿ ಬಂತು ಅಂತ. ಸರಿ, ಬಂತು. ಉಪೇಂದ್ರ ಕುಮಾರ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, 1992. ಪ್ರಶಸ್ತಿಗಿಂತ ಮುಖ್ಯ ಅವರ ವಯಸ್ಸು. ಅರವತ್ತು ದಾಟಿತ್ತು. ನಾನು ಆ ವಯಸ್ಸಿನಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದೆ. ಅವರು ತೋಡಿ ರಾಗ ಹಿಡಿದುಕೊಂಡು ನಿಂತಿದ್ದಾರೆ. ಹಾಡಿನ ಕೊನೆ ಕೊನೆಗೆ ಸ್ವರಗಳು ಮಳೆ ಬಿದ್ದ ಹಾಗೆ ಬೀಳುತ್ತವೆ. ಅಪ್ಪ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ಕ್ಯಾಸೆಟ್ ತಂದು ಹಾಕಿದೆ. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂತ ಕೈಸನ್ನೆ ಮಾಡಿದರು. ನಮ್ಮ ಮನೆಯಲ್ಲಿ ಬಿದ್ದ ಒನ್ಸ್ ಮೋರ್ ಅದೊಂದೇ.

ಆಮೇಲೆ 1993ರಲ್ಲಿ 'ಆಕಸ್ಮಿಕ'ಕ್ಕೆ ಹಂಸಲೇಖ ಅವರ 'ಹುಟ್ಟಿದರೆ ಕನ್ನಡ ನಾಡಲ್ಲಿ' ಬಂತು. ಈಗ ನವೆಂಬರ್ ಬಂದರೆ ಆಟೋ ಸ್ಟ್ಯಾಂಡಿಂದ ಹಿಡಿದು ಬ್ಯಾಂಕಿನವರೆಗೆ ಅದೇ. ಫಾಲ್ಕೆ ಪ್ರಶಸ್ತಿ, 200ಕ್ಕೂ ಹೆಚ್ಚು ಚಿತ್ರ, ಗೋಕಾಕ್ ಚಳವಳಿ, ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ಅದರ ಮೇಲೆ ನಾನು ಬರೆಯಬೇಕಾದ್ದೇನೂ ಇಲ್ಲ.

ನಾನು ಕೇಳುವುದು ಇಷ್ಟೇ. ಮುಂದೆ ಅವರ ಬಗ್ಗೆ ಬರೆಸುವಾಗ 'ನಟನಾಗಿದ್ದವರು ಆಮೇಲೆ ಗಾಯಕರೂ ಆದರು' ಅನ್ನುವ ಸಾಲು ಬೇಡ. ಅವರು ಮೊದಲಿಂದಲೂ ಹಾಡುವ ನಟ. ಸಿನಿಮಾ ನಡುವೆ ಇಪ್ಪತ್ತು ವರ್ಷ ಆ ಗಂಟಲನ್ನು ಹೆಚ್ಚುಕಮ್ಮಿ ಬಳಸಲಿಲ್ಲ, ಆಮೇಲೆ ಬಳಸಿತು. ಈ ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ 1974ರಿಂದ ಶುರು ಮಾಡಿದರೆ ಪುಟ್ಟಸ್ವಾಮಯ್ಯನವರು ಅಳಿಸಿಹೋಗುತ್ತಾರೆ. ಗುಬ್ಬಿ ವೀರಣ್ಣ, ಸುಬ್ಬಯ್ಯ ನಾಯ್ಡು ಅಳಿಸಿಹೋಗುತ್ತಾರೆ. ಹೆಸರೇ ಇಲ್ಲದ ಎಷ್ಟೋ ಹಾರ್ಮೋನಿಯಂ ಮೇಷ್ಟ್ರುಗಳು ಅಳಿಸಿಹೋಗುತ್ತಾರೆ. ಅವರಲ್ಲಿ ಒಬ್ಬರ ಮಗ ನಾನು, ಹಾಗಾಗಿ ನನಗೆ ಸ್ವಲ್ಪ ಸ್ವಾರ್ಥ ಇದೆ ಅಂತಲೇ ಇಟ್ಟುಕೊಳ್ಳಿ.

ಮೊನ್ನೆ ನಿಮ್ಮ ಲೇಖನ ಓದಿದ ಸಂಜೆ ಮಗನಿಗೆ ಹೇಳಿ ಮೊಬೈಲಿನಲ್ಲಿ 'ಓಹಿಲೇಶ್ವರ'ದ ಹಾಡು ಹುಡುಕಿಸಿದೆ. ಅಟ್ಟದ ಪಕ್ಕದ ಕೋಣೆಯಲ್ಲಿ ಅಪ್ಪನ ಕಾಲುಪೆಟ್ಟಿಗೆ ಇದೆ. ಬಟ್ಟೆ ತೆಗೆದು ಧೂಳು ಒರೆಸಿ ಕೂತೆ. ತಿದಿ ಹರಿದಿದೆ, ಜೋರಾಗಿ ತುಳಿದರೆ ಮಾತ್ರ ಗಾಳಿ ನಿಲ್ಲುತ್ತದೆ. ಮೂರು ರೀಡು ಮಾತಾಡುವುದಿಲ್ಲ. ಹಾಡು ಹಾಕಿ ಶ್ರುತಿ ಹುಡುಕಿದೆ. ನನಗೆ ವಿದ್ಯೆ ಬಂದಿಲ್ಲ, ಅಪ್ಪ ಕಲಿಸಲೂ ಇಲ್ಲ, 'ಸರ್ಕಾರಿ ಕೆಲಸ ನೋಡ್ಕೋ' ಅಂದುಬಿಟ್ಟಿದ್ದರು. ಆದರೂ ಒಂದು ಮನೆ ಒತ್ತಿದಾಗ ಆ ಇಪ್ಪತ್ತೇಳರ ಹುಡುಗನ ದನಿ ಪೆಟ್ಟಿಗೆ ಮೇಲೆ ಬಂದು ಕೂತಿತು. ನನ್ನ ಮಗ ಬಾಗಿಲಲ್ಲಿ ನಿಂತು, 'ಇದು ರಾಜ್‌ಕುಮಾರಾ?' ಅಂತ ಕೇಳಿದ. ಹೌದು ಕಣೋ, 1956 ಅಂದೆ.

ಕೊನೆಗೆ ಇನ್ನೊಂದು ತಿದ್ದುಪಡಿ. ಲೇಖನದ ಜೊತೆ ಹಾಕಿರುವ ಫೋಟೋ ಕೆಳಗೆ 'ಬಭ್ರುವಾಹನ ಚಿತ್ರದ ದೃಶ್ಯ' ಅಂತ ಅಚ್ಚಾಗಿದೆ. ಅಲ್ಲ. ಅದು 1983ರ 'ಭಕ್ತ ಪ್ರಹ್ಲಾದ'. ಪುಟ್ಟಸ್ವಾಮಯ್ಯನವರು ಸ್ಟೇಜಿನಲ್ಲಿ ಗುಡುಗುತ್ತಿದ್ದ ಅದೇ ಹಿರಣ್ಯಕಶಿಪುವಿನ ಪಾತ್ರ, ಮಗ ತೆರೆ ಮೇಲೆ ಮಾಡಿದ್ದು. ಎದುರಿಗೆ ಕೈ ಮುಗಿದು ನಿಂತಿರುವ ಮಗು ಬಭ್ರುವಾಹನ ಹೇಗಾಗುತ್ತಾನೆ ಸ್ವಾಮಿ? ಅದು ಪುನೀತ್. ಆಗ ಟೈಟಲ್ ಕಾರ್ಡಿನಲ್ಲಿ ಮಾಸ್ಟರ್ ಲೋಹಿತ್. ಮುಂದಿನ ಭಾನುವಾರ ಒಂದು ಮೂಲೆಯಲ್ಲಾದರೂ ತಿದ್ದಿ ಹಾಕಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಚೆ ನೌಕರ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ